ಅದೃಶ್ಯ ಕಿರಣಗಳ ಹಾದಿಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು

ಆಚಾರ್ಯ ಜಗದೀಶಚಂದ್ರ ಬೋಸರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ವಿರಳ. ಗಿಡಮರಗಳೂ ಪೆಟ್ಟಿಗೆ, ಬಿಸಿಲಿಗೆ, ವಿಷಕ್ಕೆ ಮಿಡಿಯುತ್ತವೆ ಎಂಬುದನ್ನು ಯಂತ್ರಗಳ ಮೂಲಕ ತೋರಿಸಿದ ಮಹಾನುಭಾವರು ಎಂದು ಪಾಠಪುಸ್ತಕಗಳು ಅವರನ್ನು ಪರಿಚಯಿಸುತ್ತವೆ. ಆ ಪರಿಚಯ ಸುಳ್ಳಲ್ಲ, ಆದರೆ ಅಪೂರ್ಣ. ಸಸ್ಯಗಳ ಕಡೆಗೆ ತಿರುಗುವ ಮೊದಲು, 1894ರಿಂದ ಸುಮಾರು 1900ರವರೆಗೆ, ಅವರು ಕೈಗೊಂಡ ಕಾರ್ಯವೊಂದಿದೆ. ಕಣ್ಣಿಗೆ ಕಾಣದ ಹ್ರಸ್ವ ವಿದ್ಯುತ್ಕಾಂತ ತರಂಗಗಳನ್ನು ಉಂಟುಮಾಡಿ, ಯಾವ ವಸ್ತು ಅವನ್ನು ಹಾಯಗೊಡುತ್ತದೆ, ಯಾವುದು ಬಾಗಿಸುತ್ತದೆ, ಯಾವುದು ಹಿಂದಿರುಗಿಸುತ್ತದೆ, ಯಾವುದು ನುಂಗಿಬಿಡುತ್ತದೆ ಎಂದು ಒಂದೊಂದನ್ನೇ ಹಿಡಿದು ಪರೀಕ್ಷಿಸಿದ ಕಾರ್ಯ ಅದು. ಈ ಲೇಖನದಲ್ಲಿ ಮುಖ್ಯವಾಗಿ ಆ ಆರು ವರ್ಷಗಳನ್ನೇ ನೋಡೋಣ.

ಬಿ.ಜಿ. ಕೆರೆಯ ಸುತ್ತಿನ ನಮಗೆ ಇದು ದೂರದ ಬಂಗಾಳದ ಕಥೆಯಷ್ಟೇ ಅಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಸುಮಾರು 1,500 ಎಕರೆಗಳಲ್ಲಿ ತನ್ನ ಎರಡನೆಯ ಆವರಣವನ್ನು ತೆರೆದಿದೆ. ಅದೇ ಸೀಮೆಯ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರವಿದೆ. (ಈ ಕಾವಲುಗಳು ನಮ್ಮ ದನಕುರಿಗಳ ಹುಲ್ಲುಗಾವಲಾಗಿದ್ದವು, ಅದರ ನ್ಯಾಯಾನ್ಯಾಯಗಳ ಚರ್ಚೆ ನ್ಯಾಯಮಂಡಳಿಯವರೆಗೆ ಹೋದುದನ್ನು ಊರಿನವರು ಬಲ್ಲರು. ಅದು ಬೇರೆಯೇ ಲೇಖನಕ್ಕೆ ತಕ್ಕ ವಿಷಯ.) ಅಲ್ಲಿ 2022ನೆಯ ಜುಲೈ 1ರಂದು ಬಾಲವಿಲ್ಲದ, ಬರಿಯ ರೆಕ್ಕೆಯೇ ಮೈಯಾಗಿರುವ, ಒಳಗೆ ಚಾಲಕನಿಲ್ಲದ ವಿಮಾನವೊಂದು ತಾನಾಗಿಯೇ ಮೇಲೆದ್ದು, ಹಾರಿ, ತಾನಾಗಿಯೇ ಇಳಿಯಿತು. ಇಂಥ ಆಕಾರದ ವಿಮಾನವು ರೇಡಾರಿನ ಕಣ್ಣಿಗೆ ಬೀಳುವುದು ಕಡಿಮೆ. ರೇಡಾರು ನೋಡುವುದು ಸೂಕ್ಷ್ಮತರಂಗಗಳಿಂದ. ವಿಮಾನದ ಮೈಯಿಂದ ಚಿಮ್ಮಿ ಹಿಂದಕ್ಕೆ ಬಂದ ತರಂಗವೇ ಅದಕ್ಕೆ ಸುಳಿವು. ಸುಳಿವು ಸಿಗಬಾರದೆಂದರೆ ಒಂದೋ ತರಂಗವು ಬೇರೆ ದಿಕ್ಕಿಗೆ ಚಿಮ್ಮಬೇಕು, ಇಲ್ಲವೇ ಮೈಗೆ ಹಚ್ಚಿದ ಪದಾರ್ಥವು ಅದನ್ನು ಹೀರಿಕೊಳ್ಳಬೇಕು. ಹೀಗೆ ಹೀರಿಕೊಳ್ಳುವ ಪದಾರ್ಥಗಳನ್ನು ತಯಾರಿಸುವುದು ಇಂದು ಜಗತ್ತಿನ ಅನೇಕ ಪ್ರಯೋಗಾಲಯಗಳ ಮುಖ್ಯ ಉದ್ಯೋಗವಾಗಿದೆ. ಈ ದಿಕ್ಕಿನ ಮೊದಲ ಪ್ರಶ್ನೆಗಳನ್ನು ನಮ್ಮ ದೇಶದಲ್ಲಿ ಕೇಳಿದವರು ಬೋಸರು.

ಜಗದೀಶಚಂದ್ರರು 1858ನೆಯ ನವೆಂಬರ್ 30ರಂದು ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ಪೂರ್ವಿಕರ ಊರು ವಿಕ್ರಮಪುರ ಪ್ರಾಂತದ ರಾಢಿಖಾಲ. ತಂದೆ ಭಗವಾನ್‌ಚಂದ್ರ ಬೋಸರು ಸರ್ಕಾರದ ಉನ್ನತ ಅಧಿಕಾರಿಗಳು, ಬ್ರಾಹ್ಮಸಮಾಜದ ಅನುಯಾಯಿಗಳು. ತಾಯಿ ಬಾಮಾಸುಂದರೀ ದೇವಿ. ಆ ಕಾಲದಲ್ಲಿ ಅಂಥ ಸ್ಥಾನದಲ್ಲಿದ್ದವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದು ಪ್ರತಿಷ್ಠೆಯ ಲಕ್ಷಣವಾಗಿತ್ತು. ಭಗವಾನ್‌ಚಂದ್ರರು ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ಅಲ್ಲಿ ಅವನ ಒಂದು ಮಗ್ಗುಲಿಗೆ ತಂದೆಯ ಮುಸಲ್ಮಾನ ಪರಿಚಾರಕನ ಮಗ, ಇನ್ನೊಂದು ಮಗ್ಗುಲಿಗೆ ಬೆಸ್ತರ ಹುಡುಗ ಕುಳಿತುಕೊಳ್ಳುತ್ತಿದ್ದರು. ಆ ಗೆಳೆಯರಿಂದ ಹಕ್ಕಿಗಳ, ಮೃಗಗಳ, ಜಲಚರಗಳ ವೃತ್ತಾಂತಗಳನ್ನು ಕೇಳಿದುದೇ ತಮ್ಮ ಪ್ರಕೃತಿಜಿಜ್ಞಾಸೆಗೆ ಬೀಜವಾಯಿತೆಂದು ಬೋಸರು ಮುಂದೆ ಸ್ಮರಿಸಿಕೊಂಡಿದ್ದಾರೆ. ಬಾಲಕನನ್ನು ಶಾಲೆಗೆ ಕರೆದೊಯ್ಯುತ್ತಿದ್ದವನು ಸೆರೆವಾಸ ಮುಗಿಸಿ ಬಂದ ಒಬ್ಬ ಮಾಜಿ ದರೋಡೆಕೋರ. ಅವನಿಗೆ ಬೇರೆ ಯಾರೂ ಕೆಲಸ ಕೊಡದಿದ್ದಾಗ, ಅವನನ್ನು ಸೆರೆಗೆ ಕಳುಹಿಸಿದ್ದ ಅಧಿಕಾರಿಯೇ ತಮ್ಮ ಮನೆಯಲ್ಲಿ ಆಶ್ರಯವಿತ್ತಿದ್ದರು. ಇಂಥ ತಂದೆಯ ಮಗನೆಂಬುದನ್ನು ನೆನಪಿಟ್ಟರೆ ಬೋಸರ ಮುಂದಿನ ನಡೆಗಳು ಸುಲಭವಾಗಿ ಅರ್ಥವಾಗುತ್ತವೆ.

ಕಲ್ಕತ್ತೆಯ ಹೇರ್ ಶಾಲೆ, ಬಳಿಕ ಸೇಂಟ್ ಝೇವಿಯರ್ ವಿದ್ಯಾಸಂಸ್ಥೆಗಳಲ್ಲಿ ಓದು ಸಾಗಿತು. ಅಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಪಾದ್ರಿ ಲಾಫೋನರು ಪ್ರಯೋಗಗಳನ್ನು ಕಣ್ಣೆದುರಿಗೆ ಮಾಡಿ ತೋರಿಸುವುದರಲ್ಲಿ ಪ್ರಸಿದ್ಧರು. ಪದವಿಯ ಅನಂತರ 1880ರಲ್ಲಿ ಬೋಸರು ವೈದ್ಯಕೀಯ ಕಲಿಯಲೆಂದು ಇಂಗ್ಲೆಂಡಿಗೆ ತೆರಳಿದರು. ಅಸ್ಸಾಮಿನಲ್ಲಿ ಅಂಟಿದ್ದ ಜ್ವರವು ಬಿಡದೆ ಮರುಕಳಿಸುತ್ತಿದ್ದುದರಿಂದ ಅಂಗಚ್ಛೇದನ ಶಾಲೆಯ ವಾಸನೆಯನ್ನು ತಡೆಯಲಾರದೆ ಆ ಓದನ್ನು ಬಿಟ್ಟು, ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜಿನಲ್ಲಿ ಪ್ರಕೃತಿ ವಿಜ್ಞಾನಗಳನ್ನು ಅಭ್ಯಸಿಸಿದರು. ಅಲ್ಲಿ ಲಾರ್ಡ್ ರ್‍ಯಾಲಿಯವರ ಶಿಷ್ಯತ್ವ ದೊರೆಯಿತು. 1884ರಲ್ಲಿ ಕೇಂಬ್ರಿಜ್ ಮತ್ತು ಲಂಡನ್ನಿನ ಪದವಿಗಳನ್ನು ಪಡೆದು, ಮರುವರ್ಷ ಸ್ವದೇಶಕ್ಕೆ ಮರಳಿದರು.

1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡಾಗ ಎದುರಾದುದು ವರ್ಣಭೇದದ ವೇತನಕ್ರಮ. ಒಂದೇ ಹುದ್ದೆಗೆ ಯುರೋಪಿಯನ್ನರು ಪಡೆಯುತ್ತಿದ್ದುದರ ಮೂರನೆಯ ಎರಡು ಪಾಲು ಮಾತ್ರ ಭಾರತೀಯರಿಗೆ. ನೇಮಕ ತಾತ್ಕಾಲಿಕವೆಂಬ ಕಾರಣಕ್ಕೆ ಅದರಲ್ಲಿಯೂ ಅರ್ಧ. ಹೀಗೆ ಮೂರನೆಯ ಒಂದು ಪಾಲಿಗೆ ಇಳಿದ ಸಂಬಳವನ್ನು ಬೋಸರು ಮುಟ್ಟಲಿಲ್ಲ. ಕೆಲಸಕ್ಕೆ ರಾಜೀನಾಮೆಯನ್ನೂ ಕೊಡಲಿಲ್ಲ; ತರಗತಿಗೆ ಒಂದು ದಿನವೂ ತಪ್ಪಲಿಲ್ಲ. ಮೂರು ವರ್ಷ ಹೀಗೆಯೇ ನಡೆಯಿತು. ತಂದೆಯವರು ನಾಡಿನ ಕೈಗಾರಿಕೆ, ಬೇಸಾಯಗಳ ಏಳಿಗೆಗೆಂದು ಹಣ ಹೂಡಿ ಸಾಲಕ್ಕೆ ಸಿಲುಕಿದ್ದರು. 1887ರಲ್ಲಿ ಅಬಲಾ ದೇವಿಯವರೊಡನೆ ವಿವಾಹವೂ ಆಗಿತ್ತು. ದಂಪತಿಗಳು ಕಲ್ಕತ್ತೆಯ ಬಾಡಿಗೆಗೆ ಅಂಜಿ ಹೂಗ್ಲಿ ನದಿಯಾಚೆಯ ಚಂದ್ರನಗರದಲ್ಲಿ ಮನೆ ಮಾಡಿದರು. ಬೆಳಿಗ್ಗೆ ಬೋಸರು ಸಣ್ಣ ದೋಣಿಯಲ್ಲಿ ಹೊಳೆ ದಾಟಿ ರೈಲು ಹಿಡಿಯುವರು. ದೋಣಿಯನ್ನು ಹಿಂದಕ್ಕೆ ತರುತ್ತಿದ್ದವರು ಅಬಲಾ ದೇವಿ. ಕೊನೆಗೆ ಕಾಲೇಜಿನ ಅಧಿಕಾರಿಗಳೇ ಮಣಿದು, ಹುದ್ದೆಯನ್ನು ಕಾಯಂ ಮಾಡಿ, ಹಿಂದಿನ ಮೂರು ವರ್ಷಗಳ ಪೂರ್ಣ ವೇತನವನ್ನು ಒಟ್ಟಿಗೆ ಕೊಟ್ಟರು. ಆ ಹಣ ಸಾಲಗಾರರಿಗೆ ಹೋಯಿತು. ಪಿತ್ರಾರ್ಜಿತ ಆಸ್ತಿಯನ್ನು ಮಾರಿ, ಉಳಿದುದನ್ನು ವರ್ಷಗಳ ಕಾಲ ದುಡಿದು, ತಂದೆಯ ಋಣವನ್ನು ಪೂರ್ತಿ ತೀರಿಸಿದರು.

ಸಂಶೋಧನೆಯ ಸಂಕಲ್ಪವನ್ನು ಅವರು ತೊಟ್ಟದ್ದು 1894ರಲ್ಲಿ, ತಮ್ಮ 36ನೆಯ ಹುಟ್ಟುಹಬ್ಬದಂದು. ಆ ವಯಸ್ಸಿಗೆ ಅನೇಕ ವಿಜ್ಞಾನಿಗಳು ತಮ್ಮ ಮುಖ್ಯ ಕಾರ್ಯವನ್ನು ಮುಗಿಸಿರುತ್ತಾರೆ. ಬೋಸರಿಗೆ ಪ್ರಯೋಗಾಲಯವೆಂಬುದೇ ಇರಲಿಲ್ಲ. ಸ್ನಾನಗೃಹದ ಪಕ್ಕದ, ಸುಮಾರು 24 ಚದರ ಅಡಿಯ ಕೋಣೆಯೊಂದಿತ್ತು. ಸಹಾಯಕನೆಂದರೆ ಅಕ್ಷರ ಬಾರದ ಒಬ್ಬ ತಗಡಿನ ಕೆಲಸಗಾರ. ಬೋಸರು ಹೇಳಿದ್ದನ್ನು ಅವನು ಕತ್ತರಿಸಿ, ಬಾಗಿಸಿ, ಬೆಸೆದು ಕೊಡುವನು. ಉಪಕರಣಗಳ ವೆಚ್ಚ ಬೋಸರ ಕೈಯಿಂದಲೇ.

ಆ ಹೊತ್ತಿಗೆ ಯುರೋಪಿನಲ್ಲಿ ವಿಷಯ ಎಲ್ಲಿಗೆ ಬಂದಿತ್ತೆಂಬುದನ್ನು ಸ್ವಲ್ಪ ತಿಳಿಯಬೇಕು. ಬೆಳಕು, ವಿದ್ಯುತ್ತು, ಕಾಂತತ್ವ ಇವು ಒಂದೇ ಬಗೆಯ ತರಂಗಕ್ಕೆ ಸೇರಿದವೆಂದು ಮ್ಯಾಕ್ಸ್‌ವೆಲ್ 1865ರಲ್ಲಿ ಗಣಿತದಿಂದ ತೋರಿಸಿದ್ದರು. ಜರ್ಮನಿಯ ಹರ್ಟ್ಸ್ 1888ರಲ್ಲಿ ವಿದ್ಯುತ್ ಕಿಡಿಯಿಂದ ಅಂಥ ತರಂಗಗಳನ್ನು ಹೊರಡಿಸಿ, ಅವು ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ಬಾಗುತ್ತವೆ ಎಂದು ಪ್ರಯೋಗದಿಂದ ಸಿದ್ಧಪಡಿಸಿದರು. ಆದರೆ ಅವರ ಪ್ರತಿಫಲನ, ವಕ್ರೀಭವನ ಪ್ರಯೋಗಗಳ ತರಂಗದ ಉದ್ದ ಸುಮಾರು 66 ಸೆಂಟಿಮೀಟರು. ಅಷ್ಟು ಉದ್ದದ ಅಲೆಯನ್ನು ಬಾಗಿಸಲು ಗಾಜಿನ ಸಣ್ಣ ಪಟ್ಟಕ ಸಾಲದು. ಹರ್ಟ್ಸ್ ಗಟ್ಟಿ ಡಾಂಬರಿನಿಂದ ಸುಮಾರು 600 ಕಿಲೋಗ್ರಾಂ ತೂಕದ ಪಟ್ಟಕವನ್ನು ಎರಕ ಹೊಯ್ಯಬೇಕಾಯಿತು. 1894ನೆಯ ಜನವರಿ 1ರಂದು, ಇನ್ನೂ 37 ತುಂಬುವ ಮೊದಲೇ, ಅವರು ತೀರಿಕೊಂಡರು.

ಬೋಸರ ಯುಕ್ತಿ ಸರಳವಾಗಿತ್ತು. ಅಲೆಯನ್ನೇ ಕಿರಿದಾಗಿಸಿದರೆ ಉಪಕರಣವೂ ಕಿರಿದಾಗುತ್ತದೆ. ಪ್ಲಾಟಿನಂ ಲೇಪಿಸಿದ ಸಣ್ಣ ಗುಂಡುಗಳ ನಡುವೆ ಕಿಡಿ ಹಾರಿಸಿ, 25 ಮಿಲಿಮೀಟರಿನಿಂದ 5 ಮಿಲಿಮೀಟರಿನವರೆಗಿನ ತರಂಗಗಳನ್ನು ಅವರು ಪಡೆದರು. ಐದು ಮಿಲಿಮೀಟರೆಂದರೆ ಸೆಕೆಂಡಿಗೆ 6,000 ಕೋಟಿ ಕಂಪನಗಳು. ಅಷ್ಟು ಹ್ರಸ್ವ ವಿದ್ಯುತ್ ತರಂಗಗಳನ್ನು ಪಳಗಿಸಿ ಮೇಜಿನ ಮೇಲೆ ಬೆಳಕಿನ ಕಿರಣದಂತೆ ನಡೆಸಿಕೊಂಡವರು ಆಗ ತೀರ ವಿರಳ. ತರಂಗವನ್ನು ಒಂದೇ ದಿಕ್ಕಿಗೆ ಹಾಯಿಸಲು ಪೊಳ್ಳು ಲೋಹದ ಕೊಳವೆ, ಅದನ್ನು ಸಂಗ್ರಹಿಸಲು ಆಲಿಕೆಯಂತೆ ಬಾಯ್ದೆರೆದ ಲೋಹದ ಬುಟ್ಟಿ, ಒಟ್ಟುಗೂಡಿಸಲು ಗಂಧಕದ ಮಸೂರ, ಗುರುತಿಸಲು ಒಂದಕ್ಕೊಂದು ಒತ್ತಿ ಜೋಡಿಸಿದ ಉಕ್ಕಿನ ಸಣ್ಣ ಸುರುಳಿಗಳು ಮತ್ತು ಅವಕ್ಕೆ ಸೇರಿದ ಗ್ಯಾಲ್ವನೋಮೀಟರು: ಇಷ್ಟೇ ಸಾಮಗ್ರಿ. ಇಂದಿನ ರೇಡಾರು ಮತ್ತು ಉಪಗ್ರಹ ನಿಲಯಗಳಲ್ಲಿ ತರಂಗ ಸಾಗಿಸುವ ಕೊಳವೆಗೂ ಕಹಳೆಯಾಕಾರದ ಆಂಟೆನಕ್ಕೂ ಇವೇ ಪೂರ್ವಜರು.

1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಅವರು ನಡೆಸಿದ ಸಾರ್ವಜನಿಕ ಪ್ರದರ್ಶನ ನಗರದಲ್ಲಿ ದೊಡ್ಡ ಸುದ್ದಿಯಾಯಿತು. ತಂತಿಯ ಸಂಪರ್ಕವೇ ಇಲ್ಲದೆ, ಮುಚ್ಚಿದ ಗೋಡೆಗಳಾಚೆ ಗಂಟೆ ಬಾರಿಸಿತು, ಸಿಡಿಮದ್ದು ಸಿಡಿಯಿತು. ಜನ ಬೆರಗಾದುದು ಸಹಜ. ಆದರೆ ನನ್ನ ಅಭಿಪ್ರಾಯದಲ್ಲಿ, ಬೋಸರ ಹೆಚ್ಚುಗಾರಿಕೆಯನ್ನು ಅರಿಯಬೇಕಾದವರು ಪುರಭವನವನ್ನು ಬಿಟ್ಟು ಆ ಸಣ್ಣ ಕೋಣೆಗೆ ಹೋಗಬೇಕು.

ಅಲ್ಲಿ ಅವರು ಕೈಗೆ ಸಿಕ್ಕ ವಸ್ತುವನ್ನೆಲ್ಲ ಕಿರಣದ ಹಾದಿಯಲ್ಲಿಟ್ಟು ನೋಡುತ್ತಿದ್ದರು. ಬೆಳಕಿಗೆ ಅಡ್ಡವಾಗುವ ಇಟ್ಟಿಗೆ, ಡಾಂಬರುಗಳು ಈ ಕಿರಣಕ್ಕೆ ಗಾಜಿನಂತೆ ತೆರವು. ಬೆಳಕಿಗೆ ತಿಳಿಯಾದ ನೀರು ಇದಕ್ಕೆ ಗೋಡೆ. ಗಂಧಕದ ವಕ್ರೀಭವನಾಂಕವನ್ನು ಅಳೆದು ಸುಮಾರು 1.73 ಎಂದು ನಿರ್ಧರಿಸಿದರು. ನೆಮಲೈಟ್ ಎಂಬ ನಾರುನಾರಾದ ಖನಿಜವೊಂದಿದೆ. ತರಂಗದ ವಿದ್ಯುತ್ ಕಂಪನವು ಆ ನಾರುಗಳಿಗೆ ಅಡ್ಡಲಾಗಿದ್ದರೆ ಕಲ್ಲು ಅದನ್ನು ಹಾಯಗೊಡುತ್ತದೆ, ನಾರುಗಳ ಉದ್ದಕ್ಕೇ ಇದ್ದರೆ ಹೀರಿಬಿಡುತ್ತದೆ. ಒಂದೇ ಕಲ್ಲು, ತಿರುಗಿಸಿ ಹಿಡಿದರೆ ಬಾಗಿಲು, ಇನ್ನೊಂದು ಬಗೆಯಲ್ಲಿ ಹಿಡಿದರೆ ಕದ. ಹೀಗೇಕೆಂದು ಚಿಂತಿಸಿದ ಬೋಸರು ಇದು ಖನಿಜದ ಹೆಸರಿಗಿಂತ ಅದರ ಕಟ್ಟಡಕ್ಕೆ ಸಂಬಂಧಿಸಿದ ಗುಣವೆಂದು ಕಂಡುಕೊಂಡರು. ನಾರಿನ ಉದ್ದಕ್ಕೆ ವಿದ್ಯುತ್ತು ಹೆಚ್ಚು ಹರಿಯುತ್ತದೆ, ಅಡ್ಡಲಾಗಿ ಕಡಿಮೆ; ಹರಿಯುವಲ್ಲಿ ತರಂಗದ ಶಕ್ತಿ ವ್ಯಯವಾಗುತ್ತದೆ. ಹಾಗಾದರೆ ನಾರಿನ ಕಟ್ಟಡವಿರುವ ಯಾವುದಾದರೂ ಹೀಗೆಯೇ ವರ್ತಿಸಬೇಕಲ್ಲವೇ? ಮನುಷ್ಯನ ಕೂದಲಿನ ಜಡೆಯನ್ನಿಟ್ಟು ನೋಡಿದರು, ಹಾಗೆಯೇ ವರ್ತಿಸಿತು. ಸೆಣಬಿನ ಕಂತೆಯನ್ನಿಟ್ಟರು, ಅದೂ ಹಾಗೆಯೇ. ಕೊನೆಗೆ ಮುಚ್ಚಿದ ಪುಸ್ತಕವೊಂದನ್ನಿಟ್ಟರು. ಹಾಳೆಗಳಿಗೆ ಸಮಾನಾಂತರವಾದ ಕಂಪನವನ್ನು ಪುಸ್ತಕ ತಡೆಯಿತು, ಲಂಬವಾದುದನ್ನು ಬಿಟ್ಟಿತು. ರೈಲುಗಳ ವೇಳಾಪಟ್ಟಿಯ ಬ್ರಾಡ್‌ಶಾ ಪುಸ್ತಕದ ಹಾಳೆಗಳ ನಡುವೆ ತವರದ ತೆಳುಹಾಳೆಗಳನ್ನು ಸೇರಿಸಿದಾಗ ಆ ಗುಣ ಇನ್ನೂ ಸ್ಪಷ್ಟವಾಯಿತು. ನಮ್ಮ ಮೊಳಕಾಲ್ಮೂರಿನ ಸೀರೆಯ ಸೆರಗಿನಲ್ಲಿ ಒತ್ತೊತ್ತಾಗಿ ಸಾಲುಗೊಂಡ ಜರಿಯ ಎಳೆಗಳನ್ನು ನೆನೆದರೆ ಈ ತತ್ತ್ವ ಮನಸ್ಸಿಗೆ ಬೇಗ ಹತ್ತುತ್ತದೆ. ಸಾಲುಗೊಂಡ ಲೋಹದ ಎಳೆಗಳು ತಮ್ಮುದ್ದಕ್ಕೆ ಮಿಡಿಯುವ ಅಲೆಯನ್ನು ತಡೆದು, ಅಡ್ಡಲಾಗಿ ಮಿಡಿಯುವುದನ್ನು ಬಿಟ್ಟುಕೊಡುತ್ತವೆ.

ಸೆಣಬಿನ ಇನ್ನೊಂದು ಪ್ರಯೋಗ ಇದಕ್ಕಿಂತಲೂ ಸೊಗಸಾದುದು. ಸಕ್ಕರೆಯ ದ್ರಾವಣವು ಬೆಳಕಿನ ಕಂಪನದ ತಲವನ್ನು ಒಂದು ಬದಿಗೆ ತಿರುಗಿಸುತ್ತದೆಂದು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಅದಕ್ಕೆ ಕಾರಣ ಅಣುಗಳೊಳಗಿನ ತಿರುಚಿದ ಕಟ್ಟಡ. ಅಣುವನ್ನು ಕೈಯಲ್ಲಿ ಹಿಡಿಯಲಾಗದು. ಆದರೆ ತಮ್ಮ ತರಂಗ ದೊಡ್ಡದಾದುದರಿಂದ ಅದಕ್ಕೆ ತಕ್ಕ ದೊಡ್ಡ ಅಣುವನ್ನು ಕೈಯಿಂದಲೇ ಕಟ್ಟಬಹುದೆಂದು ಬೋಸರು ಯೋಚಿಸಿದರು. ಸೆಣಬಿನ ಕಂತೆಗಳಲ್ಲಿ ಕೆಲವನ್ನು ಬಲಕ್ಕೂ ಕೆಲವನ್ನು ಎಡಕ್ಕೂ ಹುರಿಗೊಳಿಸಿ ಕಿರಣದ ಹಾದಿಯಲ್ಲಿಟ್ಟರು. ಬಲಹುರಿಯವು ಕಂಪನದ ತಲವನ್ನು ಒಂದು ಕಡೆಗೂ ಎಡಹುರಿಯವು ಮತ್ತೊಂದು ಕಡೆಗೂ ತಿರುಗಿಸಿದವು. 1898ರಲ್ಲಿ ಪ್ರಕಟವಾದ ಈ ಪ್ರಯೋಗ, ಮನುಷ್ಯನು ತನಗೆ ಬೇಕಾದ ಗುಣಕ್ಕಾಗಿ ಪದಾರ್ಥದ ಒಳಗಟ್ಟನ್ನು ತಾನೇ ಕಟ್ಟಿದುದರ ಆದಿಮ ಉದಾಹರಣೆಗಳಲ್ಲೊಂದೆಂದು ಇಂದು ಪರಿಗಣಿತವಾಗಿದೆ. ಸುಮಾರು 90 ವರ್ಷಗಳ ಬಳಿಕ ಲೋಹದ ಸೂಕ್ಷ್ಮ ಸುರುಳಿಗಳನ್ನು ಅಂಟಿನಲ್ಲಿ ಬೆರೆಸಿ ತರಂಗ ಹೀರುವ ಲೇಪಗಳನ್ನು ಮಾಡಲು ಹೊರಟ ಸಂಶೋಧಕರು ಈ ಸೆಣಬಿನ ಹುರಿಯನ್ನು ನೆನೆಯದೆ ಇರಲಿಲ್ಲ.

ಹೀರಿಕೆಯನ್ನು ಬೋಸರು ಉಪಕರಣದ ಅಂಗವಾಗಿಯೂ ಬಳಸಿದರು. ಕಿಡಿಯಿಂದ ಹೊರಟ ತರಂಗ ಕೊಳವೆಯ ಒಳಗೋಡೆಗೆ ಬಡಿದು ಅಡ್ಡಾದಿಡ್ಡಿ ಚಿಮ್ಮಿದರೆ ಅಳತೆ ಕೆಡುತ್ತದೆ. ಅದನ್ನು ತಡೆಯಲು ಮಸಿ ಹೀರುವ ದಪ್ಪ ಕಾಗದವನ್ನು ಲವಣದ್ರಾವಣದಲ್ಲಿ ನೆನೆಸಿ ಒಳಗಡೆ ಹೊದಿಸಿದರು. ಒಣ ಕಾಗದವು ತರಂಗವನ್ನು ಸುಮ್ಮನೆ ಹಾಯಗೊಡುತ್ತದೆ. ಲೋಹದ ತಗಡು ಹಿಂದಕ್ಕೆ ಎಸೆಯುತ್ತದೆ. ದ್ರಾವಣ ಹೀರಿದ ಕಾಗದವು ಇವೆರಡರ ನಡುವಿನದು. ಅಲೆಯನ್ನು ಒಳಗೆ ಬಿಟ್ಟುಕೊಂಡು, ಅದರ ಶಕ್ತಿಯನ್ನು ಅಲ್ಪವಾದ ಶಾಖವಾಗಿ ಮಾರ್ಪಡಿಸಿ ಮುಗಿಸಿಬಿಡುತ್ತದೆ.

ಈ ಕೊನೆಯ ಮಾತನ್ನು ವಿದ್ಯಾರ್ಥಿಗಳು ಸಾವಧಾನವಾಗಿ ಮನನ ಮಾಡಬೇಕು. ಹೀರುವ ಪದಾರ್ಥಕ್ಕೆ ಎರಡು ಧರ್ಮಗಳು ಬೇಕು, ಅವು ಒಂದಕ್ಕೊಂದು ವಿರೋಧಿಗಳು. ತರಂಗವು ಮೇಲ್ಮೈಯಲ್ಲೇ ಚಿಮ್ಮಿ ಹೋಗದಂತೆ ಪದಾರ್ಥವು ಗಾಳಿಯಂತೆ ಸೌಮ್ಯವಾಗಿರಬೇಕು. ಒಳಹೊಕ್ಕ ತರಂಗ ಹೊರಬೀಳದಂತೆ ಅದು ವಿದ್ಯುತ್ತನ್ನು ಅಥವಾ ಕಾಂತಬಲವನ್ನು ಚೆನ್ನಾಗಿ ವ್ಯಯಮಾಡುವಂತಿರಬೇಕು. ಕಾಗದವೊಂದೇ ಸಾಲದು, ಲವಣವೊಂದೇ ಸಾಲದು, ಬೆರಕೆ ಬೇಕು. ಎರಡನೆಯ ಮಹಾಯುದ್ಧದಲ್ಲಿ ರೇಡಾರು ಬಂದ ಮೇಲೆ ಜರ್ಮನಿ ಮತ್ತು ಅಮೆರಿಕಗಳಲ್ಲಿ ಇಂಥ ಬೆರಕೆಗಳ ಹುಡುಕಾಟ ತೀವ್ರವಾಯಿತು. ಕಬ್ಬಿಣದ ಪುಡಿಯನ್ನು ರಬ್ಬರಿನಲ್ಲಿ, ಇಂಗಾಲದ ಕಾಡಿಗೆಯನ್ನು ಬಣ್ಣದಲ್ಲಿ ಕಲೆಸಿ ನೋಡಿದರು. ಪುಡಿ ಹೆಚ್ಚಾದರೆ ಹೀರಿಕೆ ಹೆಚ್ಚುತ್ತಿತ್ತು, ಜೊತೆಗೇ ತೂಕವೂ ಹೆಚ್ಚುತ್ತಿತ್ತು. ಹಾರುವ ವಿಮಾನಕ್ಕೆ ತೂಕವೇ ಶತ್ರು. ಈ ಇಕ್ಕಟ್ಟಿಗೆ ಉತ್ತರವಾಗಿ ಬಂದವು ನ್ಯಾನೋ ಸಂಯೋಜಿತ ಪದಾರ್ಥಗಳು. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಅಷ್ಟು ಸಣ್ಣದಾಗಿ ಒಡೆದ ಫೆರೈಟ್ ಕಣಗಳನ್ನೋ, 1991ರ ಬಳಿಕ ಪ್ರಸಿದ್ಧವಾದ ಇಂಗಾಲದ ನ್ಯಾನೋ ನಳಿಕೆಗಳನ್ನೋ, 2004ರಲ್ಲಿ ಬೇರ್ಪಟ್ಟ ಗ್ರಾಫೀನ್ ಹಾಳೆಗಳನ್ನೋ ಪ್ಲಾಸ್ಟಿಕ್ಕಿನಂಥ ಪದಾರ್ಥದಲ್ಲಿ ಹದವಾಗಿ ಹರಡುತ್ತಾರೆ. ಕಣ ಸಣ್ಣದಾದಷ್ಟೂ ಅದೇ ತೂಕಕ್ಕೆ ಮೇಲ್ಮೈ ವಿಸ್ತಾರ ಹೆಚ್ಚು. ನಳಿಕೆಗಳು ಉದ್ದವಾಗಿ ಒಂದನ್ನೊಂದು ತಾಗುವುದರಿಂದ ಸ್ವಲ್ಪದರಲ್ಲೇ ವಿದ್ಯುತ್ತು ಹರಿಯುವ ಬಲೆ ಸಿದ್ಧವಾಗುತ್ತದೆ. ಬಿದ್ದ ತರಂಗದಲ್ಲಿ ನೂರಕ್ಕೆ 90 ಪಾಲು ಹೀರಿದರೆ ಪದಾರ್ಥ ಸಾಧಾರಣ ಉತ್ತಮ; 99 ಪಾಲು ಹೀರಿದರೆ ಅತ್ಯುತ್ತಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿಯೂ ಈ ಬಗೆಯ ಸಂಶೋಧನೆಗಳು ನಡೆದಿವೆ. ಉದ್ದೇಶ ಯುದ್ಧವಿಮಾನವೊಂದೇ ಅಲ್ಲ. ಆಸ್ಪತ್ರೆಯ ಯಂತ್ರ, ದೂರವಾಣಿ, ಗಣಕಗಳು ಒಂದರ ತರಂಗದಿಂದ ಇನ್ನೊಂದು ಕೆಡದಂತೆ ಕಾಯುವುದಕ್ಕೂ ಇಂಥ ಹೊದಿಕೆ ಬೇಕು.

ಮತ್ತೆ ಬೋಸರ ಕಡೆಗೆ ಬರೋಣ. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಅವರಿಗೆ ವಿಜ್ಞಾನದ ಡಾಕ್ಟರೇಟ್ ಪದವಿಯನ್ನು ನೀಡಿತು. 1897ನೆಯ ಜನವರಿ 29ರ ಶುಕ್ರವಾರ ಸಂಜೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ, ಹಿಂದೆ ಫ್ಯಾರಡೆ ನಿಂತು ಉಪನ್ಯಾಸ ಮಾಡಿದ ಸ್ಥಳದಲ್ಲಿ, ಕಲ್ಕತ್ತೆಯ ತಗಡಿನವನು ಬೆಸೆದ ಉಪಕರಣಗಳನ್ನು ಮೇಜಿನ ಮೇಲಿಟ್ಟು ಬೋಸರು ಪ್ರಯೋಗಸಹಿತ ಉಪನ್ಯಾಸ ಮಾಡಿದರು. ವೃದ್ಧ ಲಾರ್ಡ್ ಕೆಲ್ವಿನರು ಮೆಚ್ಚಿಕೊಂಡರು. ಕಲ್ಕತ್ತೆಯಲ್ಲಿ ಇವರಿಗೊಂದು ಯೋಗ್ಯ ಪ್ರಯೋಗಾಲಯವನ್ನು ಕಟ್ಟಿಸಿಕೊಡಬೇಕೆಂದು ಇಂಗ್ಲೆಂಡಿನ ಹಿರಿಯ ವಿಜ್ಞಾನಿಗಳೇ ಸರ್ಕಾರಕ್ಕೆ ಬರೆದರು. ಪತ್ರಗಳು ಕಚೇರಿಯಿಂದ ಕಚೇರಿಗೆ ಸಾಗಿದವು; ಪ್ರಯೋಗಾಲಯಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು.

ಇಲ್ಲಿಂದ ಮುಂದಿನ ಘಟನೆಗಳನ್ನು ಕುರಿತು ನಮ್ಮಲ್ಲಿ ಬಹಳ ಮಾತು ನಡೆದಿದೆ. ತಂತಿಯಿಲ್ಲದ ಸಂದೇಶದ ಕೀರ್ತಿ ಮಾರ್ಕೋನಿಗೆ ಹೋಯಿತು, ಬೋಸರಿಗೆ ಅನ್ಯಾಯವಾಯಿತು ಎಂಬುದು ಆ ಮಾತಿನ ಸಾರ. ಬೋಸರು 1899ರಲ್ಲಿ ಕಬ್ಬಿಣ ಮತ್ತು ಪಾದರಸಗಳ ಗ್ರಾಹಕವೊಂದನ್ನು ರಾಯಲ್ ಸೊಸೈಟಿಯಲ್ಲಿ ವಿವರಿಸಿದ್ದು ನಿಜ. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ಕಿನಾಚೆಯ ಸಂಕೇತವನ್ನು ಹಿಡಿಯಲು ಮಾರ್ಕೋನಿ ಬಳಸಿದ ಪಾದರಸದ ಗ್ರಾಹಕವು ಅದರಿಂದಲೇ ಬಂದುದೆಂದು 1998ರಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರರ ಪತ್ರಿಕೆಯಲ್ಲಿ ಸಾಧಾರವಾಗಿ ವಾದಿಸಲಾಯಿತು. ಆದರೂ ಇಬ್ಬರ ಗುರಿಗಳೇ ಬೇರೆಯಾಗಿದ್ದವು. ಮಾರ್ಕೋನಿಗೆ ದೂರ ಬೇಕಿತ್ತು, ದೂರಕ್ಕೆ ಉದ್ದದ ಅಲೆ ತಕ್ಕುದು. ಬೋಸರಿಗೆ ಪದಾರ್ಥದ ಸ್ವಭಾವ ಬೇಕಿತ್ತು, ಅದಕ್ಕೆ ಕಿರಿಯ ಅಲೆ ತಕ್ಕುದು. ಮಾರ್ಕೋನಿಯೊಡನೆ ಹೋಲಿಸಿ ಬೋಸರಿಗಾಗಿ ಮರುಗುವವರು ಬೋಸರು ನಿಜವಾಗಿ ಮಾಡಿದ ಕೆಲಸವನ್ನು ನೋಡದೆ ಹೋಗುತ್ತಾರೆಂಬುದು ನನ್ನ ಆಕ್ಷೇಪ.

1901ರಲ್ಲಿ ತಂತಿಯಿಲ್ಲದ ತಂತ್ರಜ್ಞಾನದ ಉದ್ಯಮಿಯೊಬ್ಬರು ಲಂಡನ್ನಿನಲ್ಲಿ ಅವರನ್ನು ಕಂಡು, ಏಕಸ್ವಾಮ್ಯ ಪಡೆದು ಲಾಭವನ್ನು ಹಂಚಿಕೊಳ್ಳೋಣವೆಂದು ಒತ್ತಾಯಿಸಿದರು. ಬೋಸರು ಒಪ್ಪಲಿಲ್ಲ, ಆ ಹಣದ ಆಸೆಯನ್ನು ಕಂಡು ತಮಗಾದ ಜುಗುಪ್ಸೆಯನ್ನು ಗೆಳೆಯ ರವೀಂದ್ರನಾಥ ಠಾಕೂರರಿಗೆ ಪತ್ರದಲ್ಲಿ ತೋಡಿಕೊಂಡರು. ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಅವರ ಒತ್ತಾಯದಿಂದ ಮಾತ್ರ, ಸೀಸದ ಅದಿರಾದ ಗೆಲೀನಾ ಹರಳಿನ ಗ್ರಾಹಕಕ್ಕೆ ಅಮೆರಿಕದಲ್ಲಿ ಅರ್ಜಿ ಹಾಕಲಾಯಿತು. 1904ನೆಯ ಮಾರ್ಚ್ 29ರಂದು ಏಕಸ್ವಾಮ್ಯ ದೊರೆಯಿತು. ಅರೆವಾಹಕ ಸಾಧನವೊಂದಕ್ಕೆ ದೊರೆತ ಮೊಟ್ಟಮೊದಲ ಏಕಸ್ವಾಮ್ಯಗಳ ಸಾಲಿಗೆ ಅದು ಸೇರುತ್ತದೆ. ಬೋಸರು ಅದರಿಂದ ಹಣ ಗಳಿಸುವ ಗೋಜಿಗೇ ಹೋಗಲಿಲ್ಲ. ಜ್ಞಾನವನ್ನು ಮಾರಲಾರೆನೆಂಬ ಈ ನಿಲುವನ್ನು ಹೊಗಳುವುದು ಸುಲಭ. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಉದ್ಯಮದ ಬೆಂಬಲವಿಲ್ಲದೆ, ಮುಂದುವರಿಸುವ ಶಿಷ್ಯಮಂಡಲಿಯೂ ಇಲ್ಲದೆ, ಮಿಲಿಮೀಟರ್ ತರಂಗಗಳ ಈ ಕ್ಷೇತ್ರ ಕಲ್ಕತ್ತೆಯಲ್ಲಿ ನಿಂತುಹೋಯಿತು. ಜಗತ್ತು ಅದಕ್ಕೆ ಮರಳಿದ್ದು ದಶಕಗಳ ನಂತರ, ಯುದ್ಧದ ಅಗತ್ಯ ಬಿದ್ದಾಗ.

ಬೋಸರ ಮನಸ್ಸು ಬೇರೆಡೆಗೆ ಹೊರಳಿದ್ದಕ್ಕೂ ಈ ಪ್ರಯೋಗಗಳೇ ಕಾರಣ. ತರಂಗವನ್ನು ಗುರುತಿಸುವ ಗ್ರಾಹಕವು ಸತತವಾಗಿ ದುಡಿದರೆ ಮಂದವಾಗುತ್ತಿತ್ತು. ಬಿಡುವು ಕೊಟ್ಟರೆ ಚೇತರಿಸಿಕೊಳ್ಳುತ್ತಿತ್ತು. ಲೋಹಕ್ಕೂ ದಣಿವುಂಟೇ ಎಂಬ ಪ್ರಶ್ನೆ ಅವರನ್ನು ಸ್ನಾಯುವಿನ ಕಡೆಗೂ ಅಲ್ಲಿಂದ ಸಸ್ಯದ ಕಡೆಗೂ ಒಯ್ದಿತು. 1900ರಲ್ಲಿ ಪ್ಯಾರಿಸ್ಸಿನ ಭೌತವಿಜ್ಞಾನ ಸಮ್ಮೇಳನದಲ್ಲಿ ಜೀವ ಮತ್ತು ನಿರ್ಜೀವಗಳ ಪ್ರತಿಕ್ರಿಯೆಯ ಸಾಮ್ಯವನ್ನು ಕುರಿತು ಮಾತನಾಡಿದರು. ಆಗ ಪ್ಯಾರಿಸ್ಸಿನಲ್ಲಿದ್ದ ಸ್ವಾಮಿ ವಿವೇಕಾನಂದರು ಸ್ವದೇಶೀಯನ ಈ ಗೌರವಕ್ಕೆ ಹೆಮ್ಮೆಪಟ್ಟರು. ಮುಂದಿನ ಮೂರು ದಶಕಗಳ ಸಸ್ಯ ಸಂಶೋಧನೆ, ಬೆಳವಣಿಗೆಯನ್ನು ಅಳೆಯುವ ಕ್ರೆಸ್ಕೋಗ್ರಾಫ್, ಅದರ ಸುತ್ತಲಿನ ವಾಗ್ವಾದಗಳು ಎಲ್ಲರಿಗೂ ತಿಳಿದವೇ. 1915ರಲ್ಲಿ ನಿವೃತ್ತಿ, 1917ರಲ್ಲಿ ಸರ್ ಪದವಿ, ಅದೇ ವರ್ಷ ತಮ್ಮ 59ನೆಯ ಹುಟ್ಟುಹಬ್ಬದಂದು ಬೋಸ್ ವಿಜ್ಞಾನ ಮಂದಿರದ ಸ್ಥಾಪನೆ, 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. ಹಿಂದೆ ಸಿಗದ ಪ್ರಯೋಗಾಲಯವನ್ನು ಅವರು ಕೊನೆಗೆ ತಾವೇ ಕಟ್ಟಿದರು.

ಸೂಕ್ಷ್ಮತರಂಗಗಳ ಅಧ್ಯಯನ ನಮ್ಮ ನಾಡಿನಲ್ಲಿ ಮತ್ತೆ ಚಿಗುರಿದ ನೆಲೆಗಳಲ್ಲಿ ಮುಖ್ಯವಾದುದು ಬೆಂಗಳೂರು. ಮೈಸೂರು ಸಂಸ್ಥಾನದ ಮೊದಲ ಪದವೀಧರ ಮಹಿಳೆಯರಲ್ಲೊಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು ರಾಜೇಶ್ವರಿಯವರು (1922–2010) ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕವರ್ಗವನ್ನು ಸೇರಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಅವರು ಅಲ್ಲಿ ಕಟ್ಟಿದ ಸೂಕ್ಷ್ಮತರಂಗ ಪ್ರಯೋಗಾಲಯ ದೇಶದಲ್ಲಿ ಆ ಬಗೆಯ ಮೊದಲನೆಯವುಗಳಲ್ಲಿ ಒಂದು. ರಾಜೇಶ್ವರಿಯವರಿಗೆ ಸಂದ ಗೌರವಗಳಲ್ಲಿ ಎಂಜಿನಿಯರರ ಸಂಸ್ಥೆಯವರು ಕೊಡುವ ಜಗದೀಶಚಂದ್ರ ಬೋಸ್ ಸ್ಮಾರಕ ಬಹುಮಾನವೂ ಸೇರಿತ್ತು.

ಬೋಸರು 1937ನೆಯ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ದೇಹಬಿಟ್ಟರು. 79 ತುಂಬಲು ಒಂದು ವಾರವಿತ್ತು. ಸ್ತ್ರೀಶಿಕ್ಷಣಕ್ಕಾಗಿ ದುಡಿದ ಅಬಲಾ ದೇವಿಯವರು 1951ರವರೆಗೆ ಬಾಳಿದರು. 2012ರಲ್ಲಿ ವಿದ್ಯುತ್ ಎಂಜಿನಿಯರರ ಅಂತರರಾಷ್ಟ್ರೀಯ ಸಂಸ್ಥೆಯು ಪ್ರೆಸಿಡೆನ್ಸಿ ಕಾಲೇಜಿನ ಆ ಪ್ರಯೋಗಗಳನ್ನು ತನ್ನ ಮೈಲಿಗಲ್ಲುಗಳ ಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲೇ, ಅಮೆರಿಕದ ಕಿಟ್ ಶಿಖರದ ಮೇಲಿನ 12 ಮೀಟರ್ ರೇಡಿಯೋ ದೂರದರ್ಶಕಕ್ಕೆ ಮಿಲಿಮೀಟರ್ ತರಂಗಗಳ ಗ್ರಾಹಕವನ್ನು ರಚಿಸಿದ ಖಗೋಳ ಎಂಜಿನಿಯರರು 1897ರ ಬೋಸರ ಪ್ರಬಂಧಗಳಿಂದ ಕೆಲವು ಯುಕ್ತಿಗಳನ್ನು ತೆಗೆದುಕೊಂಡಿದ್ದರು. ಆ ಉಪಕರಣಗಳಲ್ಲಿ ಅನೇಕವು ಕೋಲ್ಕತ್ತದ ಬೋಸ್ ವಿಜ್ಞಾನ ಮಂದಿರದ ಸಂಗ್ರಹಾಲಯದಲ್ಲಿ ಉಳಿದಿವೆ. ಹಾಳೆಗಳ ನಡುವೆ ತವರವಿಟ್ಟ ರೈಲು ವೇಳಾಪಟ್ಟಿಯ ಪುಸ್ತಕವೂ ಅವುಗಳಲ್ಲಿ ಒಂದು.